ಸಾಹೇಬರ ಟವಲ್ಲು

ಮಂಡ್ಯದ ನೀರಾವರಿ ಆಫೀಸೊಂದರಲ್ಲಿ ನಾನು ಗುಮಾಸ್ತ. ಅವತ್ತು ಅಟೆಂಡರ್ ಪುಟ್ಟಮ್ಮ ಸಾಹೇಬರ ಕುರ್ಚಿಯ ಬಿಳಿ ಟವಲ್ಲು ಒಗೆದು, ಫ್ಯಾನಿನ ಕೆಳಗೆ ಒಣಗಲೆಂದು ನನ್ನ ಕುರ್ಚಿಗೆ ಹರವಿದ್ದರು.

ಮಳವಳ್ಳಿ ಕಡೆಯ ಯಜಮಾನರೊಬ್ಬರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ಬಂದು ನನಗೆ ಕೈಮುಗಿದರು. ಗದ್ದೆಗೆ ನಾಲೆ ನೀರು ಬರುತ್ತಿಲ್ಲವಂತೆ.

"ಸಾಹೇಬ ನಾನಲ್ಲ ಕಣಣ್ಣ."

"ದೊಡ್ಡೋರು ಇಂಗೇ ಯೋಳೋದು, ಬುಡಿ ಸ್ವಾಮಿ."

ಅಷ್ಟರಲ್ಲಿ ನಿಜವಾದ ಸಾಹೇಬರೇ ಬಂದು, "ಏನ್ರೀ ಅದು?" ಎಂದರು.

ಯಜಮಾನರು ಅವರತ್ತ ತಿರುಗಿ, "ವಸಿ ತಡ್ಕಳಪ್ಪ, ಸಾಹೇಬ್ರತ್ರ ಮಾತಾಡ್ತಾವ್ನಿ, ಕಾಣಾಕಿಲ್ವಾ?" ಎಂದು ಗದರಿದರು.

ಸಾಹೇಬರು ನನ್ನ ಬೆನ್ನ ಹಿಂದಿನ ಒದ್ದೆ ಟವಲ್ಲು ಎಳೆದುಕೊಂಡು ಹೋಗಿ ತಮ್ಮ ಕುರ್ಚಿಗೆ ಹೊದಿಸಿ, ಅದಕ್ಕೇ ಒರಗಿ ಕೂತರು. ಯಜಮಾನರ ಮುಗಿದ ಕೈ ತಕ್ಷಣ ಆ ಕಡೆ ತಿರುಗಿತು.

ಗದ್ದೆಗೆ ನೀರೇನೋ ಬಂತು. ಮಾರನೆ ದಿನ ಸಾಹೇಬರು ನೆಗಡಿಯೆಂದು ರಜೆ. ಟವಲ್ಲು ಮಾತ್ರ ಡ್ಯೂಟಿಗೆ ಹಾಜರಾಗಿತ್ತು.