ಭಾವನ ಫೋನಿಗೆ ಬಂದ ನನ್ನ ಎಕ್ಸ್‌ರೇ

ನನ್ನ ಎದೆಯೊಳಗೆ ಏನು ಕೂತಿದೆ ಎಂಬುದು ನನಗಿಂತ ಒಂದು ವರ್ಷ ಮೊದಲೇ ನನ್ನ ಭಾವನಿಗೆ ಗೊತ್ತಿತ್ತು. ಸರ್ಕಾರವೇನೋ ಅದನ್ನು ಬಹಳ ಗುಟ್ಟಾಗಿ ಕಳಿಸಿತ್ತು. ಆದರೆ ಕಳಿಸಿದ್ದು ಅವನ ಫೋನಿಗೆ.

ನಾನು ಆಳಂದ ತಾಲೂಕಿನ ನಿಂಬರ್ಗಾದವನು. ಜೇವರ್ಗಿ ಕಡೆಯ ಒಂದು ಕಲ್ಲಿನ ಖಣಿಯಲ್ಲಿ ಡ್ರಿಲ್ ಹಿಡಿಯುತ್ತಿದ್ದೆ, ಇಜೇರಿಯಲ್ಲಿ ಅಕ್ಕನ ಮನೆಯಲ್ಲಿ ಇರುತ್ತಿದ್ದೆ. ಅಕ್ಕನ ಗಂಡನೇ ನಮ್ಮ ಗ್ಯಾಂಗಿನ ಮುಕದ್ದಮ. ಮಾಲಕನ ಹತ್ತಿರ ಕೆಲಸ ಹಿಡಿದು ನಮಗೆ ಹಂಚುವವನು. ದಿನಾ ಬೆಳಿಗ್ಗೆ ಅಕ್ಕ ರೊಟ್ಟಿ ಕಟ್ಟುವಾಗ ಜೊತೆಗೊಂದು ಚೂರು ಬೆಲ್ಲ ಇಡುತ್ತಿದ್ದಳು. ಕೆಲಸ ಮುಗಿದ ಮೇಲೆ ಬೆಲ್ಲ ತಿಂದರೆ ಎದೆಯ ಧೂಳು ಇಳಿಯುತ್ತದೆ ಎಂದು ಖಣಿಯ ಮಂದಿ ನಂಬುತ್ತಾರೆ. ಡಾಕ್ಟರು ನಗುತ್ತಾರೆ. ನಗಲಿ, ಅವರೇನು ಕಲ್ಲು ಕೊರೆಯುತ್ತಾರೆಯೇ?

ಹೋದ ವರ್ಷ ಜೇವರ್ಗಿಯಲ್ಲಿ ಸುರಕ್ಷತಾ ತರಬೇತಿ ಇತ್ತು. ಅದನ್ನು ಮುಗಿಸಿದರೇ ಡ್ರಿಲ್ ಹಿಡಿಯಲು ಕಾರ್ಡು ಕೊಡುವುದು. ಮಾಸ್ಕು ಕಟ್ಟಬೇಕು, ನೀರು ಬಿಟ್ಟು ಕೊರೆಯಬೇಕು ಎಂದೆಲ್ಲ ಕಲಿಸಿದರು. ಖಣಿಯಲ್ಲಿ ಕುಡಿಯಲಿಕ್ಕೇ ನೀರಿಲ್ಲ, ಕಲ್ಲಿಗೆ ಎಲ್ಲಿಂದ ತರುವುದು ಎಂದು ನಾವು ಹಿಂದೆ ಕೂತು ನಕ್ಕೆವು. ಆಮೇಲೆ ಎಲ್ಲರ ಎದೆಯ ಎಕ್ಸ್‌ರೇ ತೆಗೆದರು.

“ನಿಮ್ಮ ರಿಪೋರ್ಟ್ ನಿಮ್ಮ ಮೊಬೈಲಿಗಿ ಮಾತ್ರ ಬರ್ತದ್ರಿ. ಮಾಲಕರು ಬಂದು ಕೇಳಿದ್ರೂ ನಾವು ತೋರ್ಸಂಗಿಲ್ಲ. ನೀವು ಓಟಿಪಿ ಹಾಕಿದ್ರೇನೇ ಅದು ತೆರೀತದ” ಎಂದರು ತರಬೇತಿಯ ಸಾಹೇಬರು.

ನನಗೆ ಖುಷಿಯಾಯಿತು, ಸುಳ್ಳೇಕೆ ಹೇಳಲಿ. ನನ್ನದು ಎಂಬ ಗುಟ್ಟೊಂದನ್ನು ಕಾಯಲು ಸರ್ಕಾರ ನಿಂತಿದೆಯಲ್ಲ ಎನಿಸಿತು. ಮೇಜಿನ ಹತ್ತಿರ ಹೋದಾಗ ಹುಡುಗಿಯೊಬ್ಬಳು ನಂಬರ್ ಕೇಳಿದಳು. ಭಾವನ ನಂಬರ್ ಹೇಳಿದೆ. ಇಡೀ ಗ್ಯಾಂಗು ಹೇಳಿದ್ದು ಅದನ್ನೇ. ನಮ್ಮ ಸಿಮ್ಮುಗಳು ರೀಚಾರ್ಜ್ ಇಲ್ಲದೆ ಆಗಾಗ ಬಂದ್ ಆಗುತ್ತವೆ; ರೇಷನ್ನಿಗೂ, ಗ್ಯಾಸಿಗೂ, ಆಧಾರಿಗೂ ನಾವು ಕೊಡುವುದು ಮುಕದ್ದಮನ ನಂಬರನ್ನೇ.

“ನಂಬರ್ ನಿಮ್ದೇ ಏನ್ರಿ?”

“ನಮ್ದೇ ರಿ, ಮನೀದು” ಎಂದೆ.

ಕೆಲವು ದಿನ ಬಿಟ್ಟು ಭಾವನನ್ನು ಕೇಳಿದೆ. “ಎಲ್ಲಾ ಬರೋಬರ್ ಅದ ಅಂತ ಬಂದದ. ನಡಿ, ಡ್ರಿಲ್ ಹಿಡಿ” ಎಂದ. ಹಿಡಿದೆ. ಮಳೆಗಾಲದ ಹೊತ್ತಿಗೆ ಖಣಿಯ ಏರು ಹತ್ತುವಾಗ ನಡುವೆ ನಿಲ್ಲಬೇಕಾಯಿತು. ಕೆಮ್ಮು ಬಂದರೆ ಬೀಡಿಯ ಮೇಲೆ ಹಾಕುತ್ತಿದ್ದೆ. ಅಷ್ಟರಲ್ಲಿ ಗಂಟಿನೊಳಗಿನ ಬೆಲ್ಲದ ಚೂರು ದೊಡ್ಡ ಉಂಡೆಯಾಗಿತ್ತು. “ಯಕ್ಕಾ, ನನಗ ಸಕ್ರಿ ಬ್ಯಾನಿ ತರ್ಸಾಕತ್ತಿ ಏನು?” ಎಂದು ಕಾಡಿಸಿದರೆ, “ಸುಮ್ಮ ತಿನ್ನೋ ತಮ್ಮಾ” ಎನ್ನುತ್ತಿದ್ದಳು. ತವರಿನವನ ಮೇಲೆ ಎಷ್ಟು ಜೀವ ಇವಳಿಗೆ ಎಂದುಕೊಂಡೆ.

ಈ ವರ್ಷ ಕಾರ್ಡು ಹೊಸದು ಮಾಡಿಸಲು ಮತ್ತೆ ಹೋದೆ. ಡಾಕ್ಟರಮ್ಮ ಕಂಪ್ಯೂಟರ್ ನೋಡಿ ಹುಬ್ಬು ಗಂಟಿಕ್ಕಿದರು.

“ಕಲ್ಲಿನ ಧೂಳು ಎದ್ಯಾಗ ಕುಂತದ, ಡ್ರಿಲ್ ಕೆಲ್ಸ ಬಿಡ್ರಿ ಅಂತ ಹೋದ ವರ್ಷಾನೇ ಕಳ್ಸೀವಲ್ರಿ. ಇನ್ನೂ ಅದೇ ಮಾಡಾಕತ್ತೀರಿ?”

“ನನಗ ಯಾರೂ ಹೇಳಿಲ್ರಿ.”

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿ ಓದಿ ಹೇಳಿದರು. ನನ್ನ ಫೋಟೋದ ಪಕ್ಕದಲ್ಲಿತ್ತು: ವರದಿ ನೋಡಿದ್ದಾರೆ, ಓಟಿಪಿ ಕೊಟ್ಟಿದ್ದಾರೆ, ಅದೇ ಕೆಲಸದಲ್ಲಿ ಮುಂದುವರಿಯಲು ಸ್ವಂತ ಇಚ್ಛೆಯಿಂದ ಒಪ್ಪಿದ್ದಾರೆ.

“ಆ ಧೂಳು ಹೊರಗ ಬರ್ತದೇನ್ರಿ?” ಎಂದು ಕೇಳಿದೆ.

“ಇಲ್ರಿ. ಹೆಚ್ಚಾಗ್ದಂಗ ನೋಡ್ಕೊಬೇಕಿತ್ತು” ಎಂದರು.

ಇಜೇರಿಗೆ ಬಂದಾಗ ಭಾವ ಕಟ್ಟೆಯ ಮೇಲೆ ಅದೇ ಫೋನು ಹಿಡಿದು ಕೂತಿದ್ದ. ಕೇಳಿದೆ. ಮುಚ್ಚಿಡಲೂ ಇಲ್ಲ ಅವನು.

“ಕೈ ಪಳಗಿದ ಡ್ರಿಲ್ಲಿನಾಂವ ನಮ್ಮಾಗ ನೀ ಒಬ್ಬನೇ ಲೇ. ನೀ ಬಿಟ್ರ ಮಾಲಕ ಬ್ಯಾರೆ ಗ್ಯಾಂಗ್ ತರ್ತಾನ. ಇಷ್ಟ್ ಮಂದಿ ಎಲ್ಲಿ ಹೋಗ್ಬೇಕು?”

“ನನ್ನ ಎದಿ ನಿನ್ನ ಗ್ಯಾಂಗಿನ ಆಸ್ತಿ ಏನು ಭಾವಾ?” ಎಂದೆ. ಅಲ್ಲಿಯವರೆಗೆ ಅವನಿಗೆ ‘ನೀವು’ ಬಿಟ್ಟು ಬೇರೆ ಮಾತು ಆಡಿದವನಲ್ಲ ನಾನು. ನಂಬಿದ ಎಮ್ಮೆ ಕೋಣ ಈಯಿತು ಎನ್ನುತ್ತಾರಲ್ಲ, ಹಾಗಾಗಿತ್ತು. ಬೈಯಬೇಕೆಂದರೆ ಉಸಿರು ಸಾಲಲಿಲ್ಲ.

ಗದ್ದಲ ಕೇಳಿ ಅಕ್ಕ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ನೇರ ಗಂಡನ ಮೇಲೆ ಹೋದಳು.

“ಹೋದ ವರ್ಷಾನೇ ಬಡ್ಕೊಂಡೆ ನಾ, ಅವನಿಗಿ ಹೇಳ್ರಿ, ಹೇಳ್ರಿ ಅಂತ. ನನ್ನ ಮಾತು ಕೇಳೀರೇನು?”

ಅವಳು ನನ್ನ ಪರವಾಗಿಯೇ ಮಾತಾಡುತ್ತಿದ್ದಳು. ತಾನು ಏನು ಹೇಳಿದೆ ಎಂಬುದು ಅವಳಿಗೆ ಗೊತ್ತಾಗಲೇ ಇಲ್ಲ.

ಮರುದಿನ ಊರಿಗೆ ಹೊರಟೆ. ಭಾವನಿಗೆ ಗ್ಯಾಂಗಿನ ಚಿಂತೆ ಇತ್ತು, ಅವನನ್ನು ಎಂದಾದರೂ ಕ್ಷಮಿಸಿಯೇನು. ಅಕ್ಕ ಎಂದಿನಂತೆ ರೊಟ್ಟಿಯ ಗಂಟು ಕೈಗಿಟ್ಟಳು, ಬೇಡ ಎನ್ನಲಾಗಲಿಲ್ಲ. ಆಳಂದದ ಬಸ್ ಸ್ಟ್ಯಾಂಡಿನಲ್ಲಿ ನಿಂಬರ್ಗಾದ ಬಸ್ಸಿಗೆ ಕಾಯುತ್ತ ಅದನ್ನು ಬಿಚ್ಚಿದೆ. ಹಸಿದಿದ್ದೆ, ರೊಟ್ಟಿ ತಿಂದೆ. ಬೆಲ್ಲವನ್ನು ಅಲ್ಲೇ ಕಲ್ಲಿನ ಬೆಂಚಿನ ಮೇಲೆ ಬಿಟ್ಟು ಬಸ್ಸು ಹತ್ತಿದೆ.