ಒಂದು ಕೋಣೆಗೆ ಐದು ಮತ

ಹೋದ ಭಾನುವಾರ ಇಲ್ಲಿ, ಡಚ್ಚರ ನಾಡಿನಲ್ಲಿ, ಬೈಟನ್‌ವೆಲ್ಡರ್ಟಿನಿಂದ ಬಾಡ್‌ಹೂವೆಡಾರ್ಪಿಗೆ ಹೋಗುವಾಗ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಒಬ್ಬ ಮುದುಕರು ಬಂದು ಕೂತರು. ಮೊಣಕಾಲಿನವರೆಗಿನ ಉಣ್ಣೆಯ ಕೋಟು. ಅವರು ಕೂತದ್ದೇ ಲೋಬಾನದ ವಾಸನೆ ಬಂತು. ದರ್ಗಾಗಳಲ್ಲಿ ಕೆಂಡದ ಮೇಲೆ ಉದುರಿಸುತ್ತಾರಲ್ಲ, ಆ ಧೂಪ. ಮಂಗಳೂರಿನಲ್ಲಿ ನಾನು ಓದುವಾಗ ನವಿಲುಗರಿ ಹಿಡಿದ ಒಬ್ಬರು ಅಂಗಡಿ ಅಂಗಡಿಗೆ ಅದರ ಹೊಗೆ ತೋರಿಸುತ್ತ ಬರುತ್ತಿದ್ದರು. ಆಗೆಲ್ಲ ನನಗೆ ಸೀನು ಬರುತ್ತಿತ್ತು, ಅಷ್ಟೇ. ಈ ಸಲ ಇಮ್ತಿಯಾಜನ ನೆನಪು ಬಂತು. ಸೀನೇ ವಾಸಿಯಿತ್ತು.

ಇಮ್ತಿಯಾಜ್ ಸವಣೂರಿನ ಹುಡುಗ. 2015ರಲ್ಲಿ ಎಂ.ಎಸ್ಸಿ. ಓದಲು ಇಲ್ಲಿಯ ಲೈಡನ್ ಊರಿಗೆ ಬಂದ. ನಾನು ಪಿಎಚ್.ಡಿ. ಮಾಡುತ್ತಿದ್ದ ಕಟ್ಟಡದಲ್ಲೇ ಕೆಳಗಿನ ಲ್ಯಾಬು ಅವನದು. ಒಂದು ದಿನ ಕಾಫಿ ಮಶೀನಿನ ಮುಂದೆ ನಿಂತು ಫೋನಿನಲ್ಲಿ ಅಮ್ಮನ ಹತ್ತಿರ ತುಳುವಿನಲ್ಲಿ ಜಗಳಾಡುತ್ತಿದ್ದೆ. ನಡುವೆ ಅದು ಹೇಗೋ ಒಂದು ಕನ್ನಡದ ಬೈಗುಳ ನುಸುಳಿತು. ಹಿಂದಿನಿಂದ ಯಾರೋ, "ಅಕ್ಕಾರ, ನೀವು ನಮ್ಮ ಕಡೇರೇನ್ರಿ?" ಅಂದರು. ತಿರುಗಿ ನೋಡಿದರೆ ಸಪೂರ ಗಡ್ಡದ ಹುಡುಗ, ಕೈಯಲ್ಲಿ ಎರಡು ಕಪ್ಪು. ಬೈಗುಳ ಕೇಳಿ ಊರವರನ್ನು ಗುರುತಿಸಿದವನನ್ನು ಇಷ್ಟಪಡದೆ ಇರುವುದು ಹೇಗೆ, ನೀವೇ ಹೇಳಿ.

ಇಲ್ಲಿ ನನ್ನ ಬಗ್ಗೆ ಒಂದೆರಡು ಮಾತು ಹೇಳಬೇಕು, ಹೆಮ್ಮೆಯ ಮಾತುಗಳೇನಲ್ಲ. ಹೈಸ್ಕೂಲಿನಿಂದ ಡಿಗ್ರಿಯವರೆಗೆ ನಾನು ಚರ್ಚಾಸ್ಪರ್ಧೆಯ ಹುಡುಗಿ. ನಮ್ಮ ಲೆಕ್ಚರರು, "ಚೀಟಿಯಲ್ಲಿ ಯಾವ ಕಡೆ ಬಂದರೂ ನಾಲ್ಕು ನಿಮಿಷದ ಮಟ್ಟಿಗೆ ಅದೇ ನಿನ್ನ ಅಪ್ಪ-ಅಮ್ಮ" ಎನ್ನುತ್ತಿದ್ದರು. ಮರಣದಂಡನೆ ಬೇಕು ಎಂದು ಉಡುಪಿಯಲ್ಲಿ ಗೆದ್ದು, ಬೇಡ ಎಂದು ಪುತ್ತೂರಿನಲ್ಲಿ ಗೆದ್ದವಳು ನಾನು. ದೇವರನ್ನು ಹನ್ನೆರಡನೇ ವಯಸ್ಸಿನಲ್ಲೇ ಬಿಟ್ಟಿದ್ದೆ. ನನ್ನ ಅಜ್ಜಿ ಮಡಿಯುಟ್ಟು ನಿಂತಾಗ ಬೇಕೆಂದೇ ಹೋಗಿ ಮುಟ್ಟಿ, "ಈಗ ಎಂತ ಆಯ್ತು, ಹೇಳಿ" ಎಂದು ಕೇಳಿದ್ದೆ. ಪಾಪ, ಅಜ್ಜಿ ಜನವರಿಯ ಚಳಿಯಲ್ಲಿ ಎರಡನೇ ಸಲ ಸ್ನಾನಕ್ಕೆ ಹೋದರು. ಆ ವಾದವನ್ನೂ ಗೆದ್ದೆನೆಂದೇ ತಿಳಿದುಕೊಂಡಿದ್ದೆ.

ಲೈಡನ್ನಿನಲ್ಲಿ ವಿದ್ಯಾರ್ಥಿಗಳಿಗೆ ಕೋಣೆ ಸಿಗುವ ಕ್ರಮವೇ ಬೇರೆ. ಬಾಡಿಗೆ ಮಾಲೀಕನಿಗೆ ಹೋಗುತ್ತದೆ, ಆದರೆ ಯಾರು ಬರಬೇಕೆಂದು ತೀರ್ಮಾನಿಸುವವರು ಒಳಗಿದ್ದವರು. ನಮ್ಮದು ಆರು ಕೋಣೆಯ ಮನೆ. ಒಂದು ಖಾಲಿಯಾದರೆ ಉಳಿದ ಐವರು ಒಂದು ಸಂಜೆ ಎಂಟು-ಹತ್ತು ಜನರನ್ನು ಕರೆಸಿ, ಒಬ್ಬೊಬ್ಬರನ್ನೇ ಅಡುಗೆಮನೆಯ ಸೋಫಾದಲ್ಲಿ ಕೂರಿಸಿ ಪ್ರಶ್ನೆ ಕೇಳುತ್ತೇವೆ. ನೀನು ಪ್ರಾಣಿಯಾಗಿದ್ದರೆ ಯಾವ ಪ್ರಾಣಿಯಾಗಿರುತ್ತಿದ್ದೆ? ಪಾತ್ರೆ ತೊಳೆಯದವರಿಗೆ ಏನು ಶಿಕ್ಷೆ ಕೊಡುತ್ತೀ? ಕೊನೆಗೆ ಮತ ಹಾಕುತ್ತೇವೆ. ಹೆಣ್ಣು ನೋಡುವ ಶಾಸ್ತ್ರವನ್ನು ಬೈದು ಊರು ಬಿಟ್ಟವಳು ನಾನು. ಎರಡೇ ವರ್ಷದಲ್ಲಿ ಉಪ್ಪಿಟ್ಟಿನ ಬದಲು ಚಿಪ್ಸ್ ಇಟ್ಟುಕೊಂಡು ಗಂಡಿನ ಕಡೆಯವರ ಜಾಗದಲ್ಲಿ ಕೂತಿದ್ದೆ.

ಆ ನವೆಂಬರಿನಲ್ಲಿ ಸೈಕಲ್ ಶೆಡ್ಡಿನ ಮೇಲಿನ ಸಣ್ಣ ಕೋಣೆ ಖಾಲಿಯಾಯಿತು. ಇಮ್ತಿಯಾಜನಿಗೆ ಮೊದಲ ಮೂರು ತಿಂಗಳಿಗೆಂದು ಕೊಟ್ಟಿದ್ದ ಹಾಸ್ಟೆಲು ಅದೇ ವಾರದ ಶುಕ್ರವಾರ ಮುಗಿಯುತ್ತಿತ್ತು. ಈ ದೇಶದಲ್ಲಿ ವಿಳಾಸ ಇಲ್ಲದವನು ಮನುಷ್ಯನೇ ಅಲ್ಲ. ಖೆಮೇಂಟೆಯಲ್ಲಿ, ಅಂದರೆ ಪುರಸಭೆಯಲ್ಲಿ, ಹೆಸರು ಬರೆಸಲು ವಿಳಾಸ ಬೇಕು. ಅಲ್ಲಿ ಹೆಸರಿಲ್ಲದಿದ್ದರೆ ವೀಸಾದ ಕಾಗದಪತ್ರ ಎಲ್ಲಿಗೆ ಬರುತ್ತದೆ? ಅವನು ನಲವತ್ತು ಮನೆಗೆ ಬರೆದಿದ್ದ, ಮೂರು ಕಡೆಯಿಂದ ಉತ್ತರ ಬಂದಿತ್ತು. "ನಮ್ಮಲ್ಲಿಗೆ ಬಾ ಮಾರಾಯ, ನಾನಿದ್ದೇನಲ್ಲ" ಅಂದವಳು ನಾನೇ. ಪಟ್ಟಿಯಲ್ಲಿ ಅವನ ಹೆಸರು ಬರೆದದ್ದೂ ನಾನೇ.

ಅವನು ಬಂದ. ಇಸ್ತ್ರಿ ಮಾಡಿದ ಅಂಗಿ, ಒಂದು ಡಬ್ಬಿ ತುಂಬ ಸವಣೂರಿನ ಖಾರಾ. ಬಾಗಿಲು ತೆಗೆದ ಮಾರ್ಲೂಸ್, ನಮ್ಮ ಮನೆಯ ಎತ್ತರದ ಹುಡುಗಿ, ಕೈ ಚಾಚಿದಳು. ಅವನು ಬಲಗೈಯನ್ನು ಎದೆಯ ಮೇಲಿಟ್ಟು ತಲೆ ಬಾಗಿಸಿ ನಕ್ಕ. ಅವಳ ಕೈ ಒಂದು ಕ್ಷಣ ಗಾಳಿಯಲ್ಲಿ ಉಳಿಯಿತು. ಹಿಂದಿನಿಂದ ನಮ್ಮ ಮನೆಯ ಇನ್ನೊಬ್ಬ, ಯೂಸ್ಟ್, ಕೈ ಚಾಚಿದ. ಅವನಿಗೂ ಅದೇ, ಕೈ ಎದೆಯ ಮೇಲೆ. ಗಂಡಸರಿಗೊಂದು ಹೆಂಗಸರಿಗೊಂದು ಬೇಡ ಎಂದು ಎಲ್ಲರಿಗೂ ಒಂದೇ ಮಾಡಿಕೊಂಡಿದ್ದನಂತೆ.

ಹದಿನೈದು ನಿಮಿಷ ಚೆನ್ನಾಗಿಯೇ ಮಾತಾಡಿದ. ಯಾವ ಪ್ರಾಣಿ ಎಂದದ್ದಕ್ಕೆ, ಕತ್ತೆ, ನಮ್ಮೂರಲ್ಲಿ ಅದಕ್ಕೆ ಕೆಲಸ ಗ್ಯಾರಂಟಿ, ಎಂದು ನಗಿಸಿದ. ಬಿಯರು ಬೇಡ ಎಂದು ನೀರು ಕುಡಿದ. ಕೊನೆಗೆ ಗ್ಲಾಸು ತೊಳೆದಿಡಲು ಸಿಂಕಿನ ಹತ್ತಿರ ಬಂದಾಗ ನಾನು ಕನ್ನಡದಲ್ಲಿ ಕೇಳಿದೆ.

"ಕೈ ಕೊಟ್ಟರೆ ಎಂತ ಆಗ್ತದೆ ನಿಂಗೆ?"

"ಏನೂ ಆಗಂಗಿಲ್ರೀ ಅಕ್ಕಾರ. ಬ್ಯಾರೇ ಹೆಣ್ಮಕ್ಕಳನ್ನ ಮುಟ್ಟಂಗಿಲ್ಲಂತ ಬರೂ ಮುಂದ ನಮ್ಮ ದಾದಿಗೆ ಮಾತು ಕೊಟ್ಟೀನ್ರಿ."

"ನಿನ್ನ ಅಜ್ಜಿ ಇಲ್ಲಿ ನೋಡ್ಲಿಕ್ಕೆ ಬರ್ತಾರಾ?"

"ಬರಂಗಿಲ್ಲ. ಅದಕ್ಕ ಮಾತು ಅನ್ನೂದು." ಗ್ಲಾಸನ್ನು ಬೋರಲು ಹಾಕಿದ. "ನಿಮ್ಮಲ್ಲಿ ಮಡಿ ಇಲ್ಲೇನ್ರಿ? ನಿಮ್ಮ ಅಜ್ಜಿ ಬಂದಿದ್ರ ಈ ಮಂದಿಗೆ ಕೈ ಕೊಡ್ತಿದ್ರೇನು?"

"ನನ್ನ ಅಜ್ಜಿಗೂ ನಾನು ಇಲ್ಲಿ ರೂಮು ಕೊಡುವುದಿಲ್ಲ."

"ಅವರು ಕೇಳಂಗೂ ಇಲ್ಲ ಬಿಡ್ರಿ," ಎಂದು ನಕ್ಕ. ನಾನೂ ನಕ್ಕೆ. ಬಾಗಿಲವರೆಗೆ ಹೋಗಿ ಬೀಳ್ಕೊಟ್ಟೆ.

ಅದು ಎಂಥ ಕಾಲವಾಗಿತ್ತೆಂದು ನಿಮಗೆ ನೆನಪಿರಬಹುದು. ಹತ್ತಿರದ ದೇಶವೊಂದರ ರಾಜಧಾನಿಯಲ್ಲಿ ಧರ್ಮದ ಹೆಸರು ಹೇಳಿ ಜನರನ್ನು ಗುಂಡಿಟ್ಟು ಕೊಂದು ಹದಿನೈದು ದಿನವೂ ಆಗಿರಲಿಲ್ಲ. ಟ್ರೇನಿನಲ್ಲಿ ಯಾರಾದರೂ ದೊಡ್ಡ ಚೀಲ ಇಟ್ಟರೆ ಎಲ್ಲರೂ ಮೊದಲು ಚೀಲ ನೋಡಿ ಆಮೇಲೆ ಗಡ್ಡ ನೋಡುತ್ತಿದ್ದರು. ನನ್ನನ್ನೂ ಸೇರಿಸಿ.

ಎಲ್ಲರೂ ಹೋದ ಮೇಲೆ ಖಾರಾದ ಡಬ್ಬಿ ತೆಗೆದು ನಡುವೆ ಇಟ್ಟುಕೊಂಡೆವು. ಮಾರ್ಲೂಸ್, "ನನಗೆ ಆ ಕತ್ತೆಯ ಹುಡುಗ ಇಷ್ಟವಾದ" ಅಂದಳು. ಇನ್ನಿಬ್ಬರು ತಲೆಯಾಡಿಸಿದರು. ಯೂಸ್ಟ್ ಮಾತ್ರ ನನ್ನ ಕಡೆ ತಿರುಗಿ, "ಕೈ ಕೊಡಲಿಲ್ಲವಲ್ಲ. ನಿನಗೆ ಗೊತ್ತಿರುತ್ತದೆ, ನೀನು ಹೇಳು" ಎಂದ. ಒಳ್ಳೆಯ ಹುಡುಗ ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ನಾನು ಎದ್ದು ನಿಂತೆ. ಅಡುಗೆಮನೆಯಲ್ಲಿ, ಐದು ಜನರ ನಡುವೆ, ನಿಜವಾಗಿಯೂ ಎದ್ದು ನಿಂತೆ.

ಸಹನೆ ಎನ್ನುವುದು ಎರಡೂ ಕಡೆಯವರ ಒಪ್ಪಂದ ಎಂದೆ. ಒಬ್ಬನೇ ಸಹಿಸುತ್ತ ಹೋದರೆ ಅದಕ್ಕೆ ಬೇರೆ ಹೆಸರಿದೆ ಎಂದೆ. ಹೆಣ್ಣನ್ನು ಮುಟ್ಟಿದರೆ ಕೆಟ್ಟೆ ಎನ್ನುವ ನಂಬಿಕೆಯೊಳಗೆ ಬೆಳೆದವಳು ನಾನು, ಅದು ಎಲ್ಲಿಂದ ಶುರುವಾಗಿ ಎಲ್ಲಿಗೆ ಮುಟ್ಟುತ್ತದೆಂದು ಗೊತ್ತು ಎಂದೆ. ಗಂಡಸರಿಗೂ ಕೈ ಕೊಡಲಿಲ್ಲವಲ್ಲ ಎಂದು ಮಾರ್ಲೂಸ್ ಕೇಳಿದಾಗ, ಅದು ಸಮಾನತೆಯಲ್ಲ, ಮುಚ್ಚಿಡುವ ಜಾಣತನ ಎಂದೆ. ಇವತ್ತು ಕೈ, ನಾಳೆ ಫ್ರಿಜ್ಜಿನ ಹಂದಿಮಾಂಸ, ನಾಡಿದ್ದು ನಿನ್ನ ಬಟ್ಟೆ ಎಂದೆ. ಎದುರಾಳಿ ಇಂಥ ಜಾರುಬಂಡೆಯ ವಾದ ಹೂಡಿದರೆ ಮೊದಲ ಸಾಲಿನಲ್ಲೇ ಹಿಡಿಯಬೇಕೆಂದು ನನಗೆ ಎಂಟು ವರ್ಷ ಕಲಿಸಿದ್ದರು. ಅಲ್ಲಿ ಹಿಡಿಯುವವರು ಯಾರೂ ಇರಲಿಲ್ಲ.

"ಆದರೆ ಒಳ್ಳೆಯವನು ಅನ್ನಿಸಿತು," ಅಂದಳು ಮಾರ್ಲೂಸ್.

"ಅನ್ನಿಸುವುದು ವಾದವಲ್ಲ," ಎಂದೆ.

ನಾಲ್ಕು-ಒಂದು. ಅವನ ಪರವಾಗಿ ಬಿದ್ದ ಒಂದೇ ಮತ ಮಾರ್ಲೂಸಳದು. ಕೈ ಚಾಚಿ ಬರಿಗೈಯಲ್ಲಿ ನಿಂತವಳು ಅವಳು, ಅವಮಾನವಾಗಿದ್ದರೆ ಆಗಬೇಕಾದದ್ದು ಅವಳಿಗೆ. ಅವಳ ಪರವಾಗಿ ಸಿಟ್ಟಾದವಳು ನಾನು. ಮತ ಎಣಿಸುವಷ್ಟರಲ್ಲಿ ಖಾರಾ ಮುಗಿದಿತ್ತು, ಯೂಸ್ಟ್ ಡಬ್ಬಿಯ ತಳದ ಪುಡಿಯನ್ನೂ ಬಾಯಿಗೆ ಸುರಿದುಕೊಂಡ. ನಾನು ಇಮ್ತಿಯಾಜನಿಗೆ, "ಮನೆಯವರು ಬೇರೆಯವರನ್ನು ಆರಿಸಿದರು, ಸಾರಿ" ಎಂದು ಮೆಸೇಜ್ ಹಾಕಿದೆ. ಮನೆಯವರು! ಆ ಪದದ ಹಿಂದೆ ಎಷ್ಟು ಆರಾಮಾಗಿ ಅಡಗಿದೆ ನೋಡಿ. ಅವನ ಉತ್ತರ ತಕ್ಷಣ ಬಂತು: "ಇರ್ಲಿ ಬಿಡ್ರಿ ಅಕ್ಕಾರ. ಖಾರಾ ಹ್ಯಾಂಗಿತ್ತು?"

ಅವನಿಗೆ ಕೊನೆಗೆ ಹೇಗ್ ನಗರದ ಒಂದು ಅಟ್ಟದಲ್ಲಿ ಹಾಸಿಗೆ ಸಿಕ್ಕಿತು. ನಾಲ್ವರು ಮುಸಲ್ಮಾನ ಹುಡುಗರ ಜೊತೆ ಐದನೆಯವನು, ವಿಳಾಸ ಬರೆಸಿಕೊಳ್ಳಲು ಮಾಲೀಕನ ಒಪ್ಪಿಗೆಯಿಲ್ಲ. ಒಳ್ಳೆಯದಾಯಿತು, ತನ್ನವರ ಜೊತೆ ಇರುತ್ತಾನೆ ಎಂದು ನನಗೆ ನಾನೇ ಹೇಳಿಕೊಂಡೆ. ಎಷ್ಟು ಸಲೀಸಾಗಿ 'ತನ್ನವರು' ಎಂದುಬಿಟ್ಟಿದ್ದೆ!

ಮಾರ್ಚಿನಲ್ಲಿ ಕ್ಯಾಂಟೀನಿನಲ್ಲಿ ಸಿಕ್ಕಾಗ ಇಳಿದುಹೋಗಿದ್ದ. ಎಡಗಣ್ಣಿನ ಕೆಳಗೆ ಹಳದಿಗೆ ತಿರುಗಿದ ಒಂದು ಗುರುತು. ಕೇಳಿದರೆ ಮೊದಲು ಸೈಕಲ್ಲಿನಿಂದ ಬಿದ್ದೆ ಎಂದ, ಆಮೇಲೆ ಹೇಳಿದ. ಅವನ ಪೆಟ್ಟಿಗೆಯಲ್ಲಿ ಊರಿನ ದರ್ಗಾದ ಒಂದು ಫೋಟೋ ಇತ್ತು. ಗುರುವಾರ ಅದರ ಮುಂದೆ ಒಂದು ಚಿಟಿಕೆ ಲೋಬಾನ ಹಾಕುತ್ತಿದ್ದ, ಅವನ ದಾದಿ ಕಟ್ಟಿಕೊಟ್ಟದ್ದು. ಅಟ್ಟದ ನಾಲ್ವರು ಮೊದಲು ಬುದ್ಧಿ ಹೇಳಿದರಂತೆ, ಇದು ಗೋರಿಪೂಜೆ ಎಂದು. ಮೊಬೈಲಿನಲ್ಲಿ ಗಂಟೆಗಟ್ಟಲೆ ಭಾಷಣ ಕೇಳಿಸಿದರಂತೆ. ಅವನು ಬಿಡಲಿಲ್ಲ. ಒಂದು ದಿನ ಬರುವಾಗ ಫೋಟೋ ಹರಿದು ಕಸದ ಚೀಲದಲ್ಲಿತ್ತು. ಎತ್ತಿಕೊಳ್ಳಲು ಹೋದಾಗ ಹೊಡೆದರು.

"ಪೊಲೀಸಿಗೆ ಹೇಳಿದ್ಯಾ?"

"ಮೊದಲನೇ ಪ್ರಶ್ನೆನೇ ವಿಳಾಸ ಕೇಳ್ತಾರ್ರಿ. ಎಲ್ಲೀದು ಕೊಡ್ಲಿ?" ಬ್ರೆಡ್ಡನ್ನು ಸಣ್ಣಗೆ ಮುರಿಯುತ್ತ ಕೂತಿದ್ದ. "ನಿಮ್ಮ ಮನೀಯವ್ರಿಗೆ ನಾ ಭಾಳ ಮುಸಲ್ಮಾನ ಆಗಿಬಿಟ್ಟೆ. ಇವರಿಗೆ ಸಾಕಾಗವಲ್ದು. ಅಳತಿ ಕೊಟ್ರ ಹೊಲಿಸ್ಕೊಂಡು ಬರ್ತಿದ್ದೆ."

ಅಂದು ಬಾಯಿ ಬಿಡಬಹುದಿತ್ತು. ಮನೆಯವರಲ್ಲ, ನಾನು, ಎನ್ನಬಹುದಿತ್ತು. ನಾನು ಅವನಿಗೊಂದು ಸೂಪು ತಂದುಕೊಟ್ಟೆ. ಪುರಸಭೆಯಲ್ಲಿ ನೋಂದಣಿಯಿಲ್ಲದೆ ವೀಸಾದ ಪತ್ರಗಳು ಎಲ್ಲೆಲ್ಲೋ ತಿರುಗಿ ಗಡುವು ಮೀರಿದ್ದವು. ಏಪ್ರಿಲಿನಲ್ಲಿ ಅವನು ಅರ್ಧ ಡಿಗ್ರಿಯೊಂದಿಗೆ ಊರಿಗೆ ಹೋದ.

ಇದನ್ನು ಓದಿ, ಹುಡುಗಿ ಪಶ್ಚಾತ್ತಾಪ ಪಟ್ಟು ಮೆತ್ತಗಾದಳು ಎಂದುಕೊಳ್ಳಬೇಡಿ. ಸಹನೆಗೆ ಮಿತಿ ಬೇಕೆಂದು ಇವತ್ತಿಗೂ ವಾದಿಸುತ್ತೇನೆ. ಆ ಅಟ್ಟದ ನಾಲ್ವರನ್ನು ಸಹಿಸಬೇಕೆಂದು ಯಾರಾದರೂ ಹೇಳಿದರೆ ಈಗಲೇ ಎದ್ದು ನಿಲ್ಲುತ್ತೇನೆ. ಆದರೆ ಆ ಅಟ್ಟಕ್ಕೆ ನನ್ನನ್ನು ಯಾರೂ ಕರೆಯಲಿಲ್ಲ. ಕರೆದಿದ್ದರೂ ಹೋಗುತ್ತಿದ್ದೆನೋ ಇಲ್ಲವೋ. ನಾನು ಗೆರೆ ಎಳೆದದ್ದು ತಿಂಡಿ ತಂದವನ ಮುಂದೆ, ಗ್ಲಾಸು ತೊಳೆದಿಟ್ಟವನ ಮುಂದೆ, ಬೇಡ ಎಂದರೆ ಇರ್ಲಿ ಬಿಡ್ರಿ ಎನ್ನುವವನ ಮುಂದೆ. ಅಷ್ಟು ಹತ್ತಿರ, ಅಷ್ಟು ಸುಲಭಕ್ಕೆ ಇನ್ಯಾರು ಸಿಗುತ್ತಿದ್ದರು?

ಬಸ್ಸು ಬಾಡ್‌ಹೂವೆಡಾರ್ಪ್ ಮುಟ್ಟಿತು. ಮುದುಕರು ಹಿಂದಿನ ಸ್ಟಾಪಿನಲ್ಲೇ ಇಳಿದಿದ್ದರು. ಇಲ್ಲಿಯ ಕನ್ನಡದವರೆಲ್ಲ ಸೇರಿ ಒಂದು ಹಾಲ್ ಹಿಡಿದು ಮಕ್ಕಳಿಗೆ ಚರ್ಚಾಸ್ಪರ್ಧೆ ಇಟ್ಟಿದ್ದರು, ನಾನು ತೀರ್ಪುಗಾರ್ತಿ. ವಿಷಯ ಏನೆಂದು ನಿಮಗೆ ಊಹಿಸಲು ಕಷ್ಟವಿಲ್ಲ: ಸಹನೆಗೆ ಮಿತಿ ಬೇಕೇ; ಈ ದೇಶದಲ್ಲಿ ಅದು ಬಿಟ್ಟು ಬೇರೆ ವಿಷಯವೇ ಇಲ್ಲವೇನೋ. ಹದಿಮೂರು ವರ್ಷದ ಒಂದು ಹುಡುಗಿ, ಮಣಿಪಾಲದ ಕಡೆಯವರ ಮಗಳು, ಇಂಗ್ಲಿಷು ಡಚ್ಚು ಬೆರೆಸಿದ ಕನ್ನಡದಲ್ಲಿ ಬೆಂಕಿಯಂತೆ ಮಾತಾಡಿದಳು. ಇಲ್ಲಿ ಇರಬೇಕಾದರೆ ಇಲ್ಲಿಯ ರೂಲ್ಸ್ ಫಾಲೋ ಮಾಡಬೇಕು, ಮಾಡದವರಿಗೆ ಇಲ್ಲಿ ಜಾಗ ಇಲ್ಲ, ಫುಲ್ ಸ್ಟಾಪ್. ಒಂದು ಸಲವೂ ಚೀಟಿ ನೋಡಲಿಲ್ಲ.

ತೀರ್ಪುಗಾರರು ಒಂದು ಪ್ರಶ್ನೆ ಕೇಳಬಹುದಿತ್ತು. ಕೇಳಿದೆ: "ಜಾಗ ಇಲ್ಲ ಅಂದೆಯಲ್ಲ ಪುಟ್ಟಾ, ಆ ಮನುಷ್ಯ ಅಲ್ಲಿಂದ ಎಲ್ಲಿಗೆ ಹೋಗ್ತಾನೆ?"

ಹುಡುಗಿ ಕಣ್ಣು ಮಿಟುಕಿಸಿದಳು. "ಅದು ನನ್ನ ಸೈಡ್ ಅಲ್ಲ ಆಂಟಿ."

ಸಭೆ ನಕ್ಕಿತು. ಸರಿಯಾದ ಉತ್ತರವೇ. ವಿಷಯ ಮಂಡನೆ, ಭಾಷೆ, ಧೈರ್ಯ ಎಂದು ಅಂಕದ ಹಾಳೆಯಲ್ಲಿ ಮೂರು ಕಾಲಂ ಇದ್ದವು. ಮೂರರಲ್ಲೂ ಅವಳೇ ಮುಂದಿದ್ದಳು. ಮೊದಲ ಬಹುಮಾನ ಅವಳಿಗೇ ಕೊಟ್ಟೆ.

ಹೊರಡುವಾಗ ಅವಳ ಅಮ್ಮ ಚಾ ಹಿಡಿದುಕೊಂಡು ಬಂದರು. "ನೀವು ದೊಡ್ಡ ಡಿಬೇಟರ್ ಅಂತೆ. ಇವಳಿಗೆ ವಾರಕ್ಕೊಮ್ಮೆ ಸ್ವಲ್ಪ ಹೇಳಿಕೊಡ್ತೀರಾ?"

ಆಗುವುದಿಲ್ಲ, ಪುರುಸೊತ್ತಿಲ್ಲ ಎಂದೆ. ಎದ್ದು ನಿಲ್ಲುವುದು ಅವಳಿಗೆ ಆಗಲೇ ಬರುತ್ತದೆ. ಇನ್ನು ಕಲಿಸುವುದಿದ್ದರೆ ಕೂತುಕೊಳ್ಳುವುದನ್ನು ಕಲಿಸಬೇಕು. ಅದು ನನಗೆ ಬರುವುದಿಲ್ಲ.