ಕರೆಂಟು ಹೋದರೆ ಭಾಷಣ

ನಮ್ಮ ಮಾವನ ಹುಬ್ಬಿನ ಮೇಲೆ ಸದಾ ನೂಲಿನ ಧೂಳು ಕೂತಿರುತ್ತಿತ್ತು. ಬೆಳಿಗ್ಗೆ ಸ್ನಾನ ಮುಗಿಸಿ, ವಿಭೂತಿ ಇಟ್ಟುಕೊಂಡು ಮಗ್ಗದ ಶೆಡ್ಡಿಗೆ ಹೋದರೆ ಸಾಕು, ಸ್ವಲ್ಪ ಹೊತ್ತಿಗೆಲ್ಲ ಹುಬ್ಬಿಗೆ ಅವತ್ತು ನೇಯುವ ಸೀರೆಯ ಬಣ್ಣ ಬಂದುಬಿಡುತ್ತಿತ್ತು. ಒಂದು ದಿನ ಹಸಿರು, ಒಂದು ದಿನ ಕುಂಕುಮ. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಅವರಿಗೆ ಊಟ ಬಡಿಸುವಾಗ ನಗು ತಡೆಯಲಾರದೆ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದೆ. ಅವರು ತಲೆ ಎತ್ತದೆ, "ನಗಮ್ಮಾ ನಗು, ನಾಳೆ ನಿನ್ ಹುಬ್ಬಿಗೂ ಬರುತ್ತೆ" ಅನ್ನುತ್ತಿದ್ದರು. ಬಂತು ಕೂಡ.

ನಾನು ತೂಬಗೆರೆ ಕಡೆಯ ಬೇಸಾಯದ ಮನೆಯವಳು. ದೊಡ್ಡಬಳ್ಳಾಪುರದ ಈ ಬೀದಿಗೆ ಬಂದಾಗ ಮೊದಲ ವಾರವೆಲ್ಲ ತಲೆ ಸಿಡಿದುಹೋಗಿತ್ತು. ಬೀದಿಯ ಎರಡೂ ಕಡೆ ಪವರ್‌ಲೂಮು. ಎದ್ದರೆ ಟಕಟಕ, ಮಲಗಿದರೆ ಟಕಟಕ. ಶೆಡ್ಡಿನೊಳಗೆ ಯಾರೂ ಮಾತಾಡುವ ಹಾಗೇ ಇಲ್ಲ, ಎಲ್ಲ ಕೈಸನ್ನೆ. ಎರಡು ಬೆರಳು ಕತ್ತರಿಯ ಹಾಗೆ ಆಡಿಸಿದರೆ ಎಳೆ ಕಿತ್ತಿದೆ ಅಂತ. ಬೆರಳು ಗಿರ್ರನೆ ತಿರುಗಿಸಿದರೆ ಲಾಳಿಯೊಳಗೆ ಕಂಡಿಕೆಗೆ ಸುತ್ತಿದ ನೂಲು ಮುಗಿದಿದೆ ಅಂತ. ಹೆಬ್ಬೆರಳು ಬಾಯಿಗೆ ಹೋದರೆ ಟೀ. ಮೀಸೆ ನೀವಿದರೆ ಸೀರೆ ಕೊಳ್ಳುವ ಸಾಹುಕಾರ ಬಂದಿದ್ದಾನೆ ಅಂತ. ಇಷ್ಟರಲ್ಲೇ ಅವರ ಸಂಸಾರವೆಲ್ಲ ನಡೆಯುತ್ತಿತ್ತು.

ಆಗೆಲ್ಲ ಹೇಳದೆ ಕೇಳದೆ ಕರೆಂಟು ಹೋಗುತ್ತಿತ್ತು. ನಮ್ಮ ಶೆಡ್ಡಿನ ಆರೂ ಮಗ್ಗ ಒಮ್ಮೆಲೇ ನಿಂತರೆ ಕಿವಿಯಲ್ಲಿ ಗುಂಯ್ ಅನ್ನುತ್ತಿತ್ತು. ಕೆಲಸದವರು ಲೈನ್‌ಮನ್‌ನ ಏಳು ತಲೆಮಾರಿಗೂ ಶಾಪ ಹಾಕುತ್ತಾ ಕೂತಿರುತ್ತಿದ್ದರು. ಅಂಥ ಒಂದು ಮಧ್ಯಾಹ್ನ ನನ್ನ ಫೋನಿನಲ್ಲಿ ಯಾರೋ ಮೇಷ್ಟ್ರೊಬ್ಬರು ಜೇನುಹುಳದ ಬಗ್ಗೆ ಮಾತಾಡುವ ವಿಡಿಯೋ ಹಾಕಿಕೊಂಡಿದ್ದೆ. ಮಾವ ಬಂದು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತರು. "ಜೋರು ಮಾಡಮ್ಮಾ, ಎಲ್ರಿಗೂ ಕೇಳ್ಲಿ" ಅಂದರು. ಹುಳ ಕುಣಿದು ತೋರಿಸಿ ಹೂವಿನ ದಾರಿ ಹೇಳುತ್ತದೆ ಅಂತ ಮೇಷ್ಟ್ರು ಅಂದಾಗ ಇವರು ತೊಡೆ ತಟ್ಟಿಕೊಂಡು, "ಅಯ್ಯೋ, ನಮ್ ಹಂಗೇನೆ ಕೈಸನ್ನೆ ಮಾಡ್ತವಲ್ಲೋ ಅವೂ!" ಎಂದು ಕೂಗಿದರು.

ಅಲ್ಲಿಂದ ಶುರುವಾಯಿತು ನೋಡಿ. ಕರೆಂಟು ಹೋದರೆ ಭಾಷಣ. ಮಾವ ಒಂದು ಪುಟ್ಟ ಬ್ಯಾಟರಿ ಸ್ಪೀಕರ್ ತಂದರು. ಹುಡುಕಿ ಹಾಕುವ ಕೆಲಸ ನನ್ನದು. ನಕ್ಷತ್ರ, ರಕ್ತ, ಹಳೇ ಶಾಸನ, ಒಬ್ಬರ ವೀಣೆ, ಇನ್ನೊಬ್ಬರ ನಾಟಕ, ಏನಾದರೂ ಸರಿ, ಕನ್ನಡದಲ್ಲಿರಬೇಕು. ಅವರಿಗೆ ಓದು ಬರುತ್ತಿರಲಿಲ್ಲ. ಸಣ್ಣವರಿದ್ದಾಗಲೇ ಮಗ್ಗದ ಗುಂಡಿಗೆ ಇಳಿದವರು. "ನಂಗೆ ಕಿವೀನೇ ಸ್ಕೂಲು" ಅನ್ನುತ್ತಿದ್ದರು. ವೀಣೆ ಮುಗಿದರೆ ಎಲ್ಲರ ಕೈಲೂ ಚಪ್ಪಾಳೆ ತಟ್ಟಿಸುತ್ತಿದ್ದರು. ನಾನು, "ಫೋನಿಗೆ ಯಾಕೆ ಮಾವ ಚಪ್ಪಾಳೆ, ಅವರಿಗೆ ಕೇಳುತ್ತಾ?" ಅಂದರೆ, "ಕೇಳ್ದೆ ಇದ್ರೆ ಬಿಡು. ಉಂಡ ಮನೇಲಿ ಚೆನ್ನಾಗಿತ್ತು ಅನ್ನಲ್ವಾ?" ಅನ್ನುವರು.

ಒಂದೇ ಒಂದು ಕಟ್ಟುಪಾಡು ಇತ್ತು. ಕರೆಂಟು ಬಂತೋ, ಭಾಷಣ ಅಲ್ಲಿಗೇ ನಿಲ್ಲಬೇಕು. ನೇಯುವವರಿಗೆ ಸೀರೆ ಲೆಕ್ಕದ ಕೂಲಿ, ನಿಂತ ಮಗ್ಗ ಅವರ ಹೊಟ್ಟೆಗೆ ಕಲ್ಲು. ಉಳಿದದ್ದು ಮುಂದಿನ ಸಲ ಕರೆಂಟು ಹೋದಾಗ. ಅಷ್ಟರೊಳಗೆ ಒಬ್ಬರೇ ಕದ್ದು ಕೇಳುವ ಹಾಗಿಲ್ಲ. "ಪಂಕ್ತೀಲಿ ಕೂತ್ಮೇಲೆ ಒಬ್ರೇ ಉಂಡು ಎದ್ದೋಗೋದು ಯಾವ ಸೀಮೆ ಮರ್ಯಾದೆ?" ಎಂದು ಅವರ ವಾದ. ನನಗೆ ಮೈ ಉರಿಯುತ್ತಿತ್ತು. ಫೋನು ನನ್ನದು, ಕಟ್ಟಳೆ ಇವರದು!

ಈ ಅರ್ಧ ಭಾಷಣದಿಂದ ಒಂದು ಸಲ ಭಾರೀ ಫಜೀತಿಯಾಯಿತು. ಬಣ್ಣದ ಬಗ್ಗೆ ಒಬ್ಬ ಚಿತ್ರಕಾರರ ಮಾತು. ಕಿತ್ತಳೆಯ ಪಕ್ಕ ನೀಲಿ ಇಟ್ಟರೆ ಎರಡೂ ಹೊಳೆಯುತ್ತವೆ ಅಂದರು. ಕರೆಂಟು ಬಂತು. ಮಾವ ಕಾಯಲಿಲ್ಲ. ಕಿತ್ತಳೆ ಮೈ, ನೀಲಿ ಅಂಚು, ಮಗ್ಗಕ್ಕೆ ಏರಿಸಿದ ಒಂದು ಹಾಸು ನೂಲು ಮುಗಿಯುವ ತನಕ ಅದೇ ಸೀರೆ ನೇಯಿಸಿಬಿಟ್ಟರು. ಸಾಹುಕಾರ ಬಿಚ್ಚಿ ನೋಡಿ ಕಣ್ಣು ಉಜ್ಜಿಕೊಂಡು, "ಏನ್ ಯಜಮಾನ್ರೇ, ಇದನ್ನ ಉಡೋದಾ, ಇಲ್ಲಾ ರೈಲ್ ನಿಲ್ಸೋಕೆ ಹಿಡ್ಕೊಳೋದಾ?" ಅಂದ. ಮುಂದಿನ ಸಲ ಕರೆಂಟು ಹೋದಾಗ ಅದೇ ಚಿತ್ರಕಾರರು, ಆದರೆ ಎರಡನ್ನೂ ಗಾಢವಾಗಿ ಬಳಸಿದರೆ ಕಣ್ಣು ನೋಯುತ್ತದೆ, ಎಚ್ಚರ, ಅಂದರು. ಶೆಡ್ಡಿಗೆ ಶೆಡ್ಡೇ ಬಿದ್ದು ಬಿದ್ದು ನಕ್ಕಿತು. "ಅದನ್ನ ಮೊದ್ಲೇ ಬೊಗಳ್ಬಾರ್ದಿತ್ತೇನಪ್ಪಾ ಪುಣ್ಯಾತ್ಮ!" ಎಂದು ಮಾವ ಸ್ಪೀಕರಿಗೆ ಕೈಮುಗಿದರು. ಆ ಸೀರೆಗಳನ್ನು ನೆಂಟರಿಷ್ಟರಿಗೆಲ್ಲ ಹಂಚಿದೆವು. ನಮ್ಮಮ್ಮ ಇನ್ನೂ ಬೈಯುತ್ತಾಳೆ.

ಆಮೇಲೆ ಎರಡು ಸಂಗತಿ ಒಟ್ಟೊಟ್ಟಿಗೆ ಆದವು. ಊರಿಗೆ ಹೊಸ ಲೈನು ಬಂದು ಕರೆಂಟು ಹೋಗುವುದೇ ಅಪರೂಪವಾಯಿತು. ವರ್ಷಗಟ್ಟಲೆ ದೇವರಿಗೆ ಹರಕೆ ಹೊತ್ತಿದ್ದೆಲ್ಲ ಫಲಿಸಿತು ಎಂದು ಬೀದಿಯೇ ಹಿಗ್ಗಿತು. ಇತ್ತ ಮಾವನ ಕಿವಿ ಮಂದವಾಗತೊಡಗಿತು. ಜೀವಮಾನವೆಲ್ಲ ಮಗ್ಗದ ಸದ್ದು ಕುಡಿದ ಕಿವಿ. ಬೆಂಗಳೂರಿನ ಡಾಕ್ಟರು ನರವೇ ಸವೆದಿದೆ, ಇನ್ನೂ ಸವೆಯುತ್ತದೆ, ಅಂದರು. ಕಿವಿಗೆ ಹಾಕಿಕೊಳ್ಳುವ ಮಿಷನ್ನು ಕೊಡಿಸಿದೆವು. "ಗದ್ಲ ದೊಡ್ಡದಾಗಿ ಕೇಳುತ್ತೆ, ಮಾತು ಮಾತ್ರ ಕೇಳಲ್ಲ ಕಣಮ್ಮಾ" ಎಂದು ತೆಗೆದಿಟ್ಟರು.

ಅಷ್ಟೊತ್ತಿಗೆ ಒಂದು ಭಾಷಣ ಅರ್ಧಕ್ಕೆ ನಿಂತಿತ್ತು. ವಲಸೆ ಹಕ್ಕಿಗಳ ಬಗ್ಗೆ ಒಬ್ಬ ವಿಜ್ಞಾನಿ ಹೆಂಗಸು ದೊಡ್ಡ ಸಭೆಯೊಂದರಲ್ಲಿ ಮಾತಾಡಿದ್ದು. ಹುಟ್ಟಿ ನಾಲ್ಕು ತಿಂಗಳೂ ಆಗಿರದ ಮರಿ, ಹೆತ್ತವರೆಲ್ಲ ಮುಂದೆ ಹೊರಟುಹೋದ ಮೇಲೆ ತಾನೇ ಎದ್ದು, ಕಂಡಿಲ್ಲದ ದೇಶ ದಾಟಿ, ಕಂಡಿಲ್ಲದ ಕೆರೆಗೆ ನೆಟ್ಟಗೆ ಬಂದಿಳಿಯುತ್ತದಂತೆ. ಹೇಗೆ? ಕೊನೆಯಲ್ಲಿ ಹೇಳುತ್ತೇನೆ, ಅಂದರು ಆಯಮ್ಮ. ಟಕ್ ಅಂತ ಕರೆಂಟು ಬಂತು.

ಮಾವನಿಗೆ ಅದು ಹಲ್ಲಿಗೆ ಸಿಕ್ಕಿಕೊಂಡ ನಾರಿನ ಹಾಗಾಯಿತು. ಅವರ ಅಪ್ಪ ಅಮ್ಮ ತೀರಿಕೊಂಡ ಮೇಲೆ, ಇನ್ನೂ ಸಣ್ಣ ಹುಡುಗನಿದ್ದಾಗಲೇ, ಯಾವುದೋ ಹಳ್ಳಿಯಿಂದ ಒಬ್ಬರೇ ನಡೆದು ಈ ಊರಿಗೆ ಬಂದಿದ್ದರಂತೆ, ಮಗ್ಗದ ಸದ್ದು ಕೇಳಿದ ಕಡೆ ನಿಂತರಂತೆ. ಆ ಕಥೆಯನ್ನು ನನಗೆ ಹೇಳಿದ್ದೂ ಆಗಲೇ. ಟೀ ಕುಡಿಯುವಾಗೆಲ್ಲ, "ಹೆಂಗಮ್ಮಾ ಬರುತ್ತೆ ಆ ಮರಿ? ಯಾರ್ ಹೇಳ್ತಾರೆ ಅದ್ಕೆ?" ಎಂದು ಕೇಳುವರು. "ಈಗಲೇ ಹಾಕ್ತೀನಿ ಮಾವ, ಕೇಳಿಬಿಡಿ" ಅಂದರೆ ಬೇಡ. ಭಾನುವಾರ ಕೇಳಿ ಅಂದರೆ, "ಎಲ್ರೂ ಇಲ್ದೆ?" ಒಂದು ಗಳಿಗೆ ಮಗ್ಗ ನಿಲ್ಲಿಸೋಣ ಅಂದರೆ, "ನನ್ ಚಪಲಕ್ಕೆ ಅವರ ಕೂಲಿ ಕೀಳ್ಲಾ?" ಹಠ ಅಂದರೆ ಹಠ. ನಾನೂ ಸುಮ್ಮನಾದೆ. ಕರೆಂಟು ಮಾತ್ರ ಹೋಗಲೇ ಇಲ್ಲ. ಹೋದರೂ ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತಿತ್ತು.

ದೀಪಾವಳಿ ಕಳೆದ ಮೇಲೆ, ಕರೆದರೂ ತಿರುಗಿ ನೋಡದಷ್ಟು ಆಯಿತು ಅವರ ಕಿವಿ. ಒಂದು ದಿನ ನಾನು ತಡೆಯಲಾರದೆ ಮೈನ್ ಬೋರ್ಡಿನ ಫ್ಯೂಸ್ ಕಿತ್ತು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಕೆಲಸದವರಿಗೆ ಮೊದಲೇ ಹೇಳಿದ್ದೆ. ಕಂಡಿಕೆ ಸುತ್ತುವ ಅಕ್ಕ, "ಹೋದ್ರೆ ಹೋಗ್ಲಿ ಬಿಡವ್ವಾ ಒಂದ್ ಹೊತ್ತಿನ ಕೂಲಿ, ಅವರ್ ಜೀವ ತಣ್ಣಗಾಗ್ಲಿ" ಅಂದಿದ್ದಳು. ಮಗ್ಗ ನಿಂತದ್ದು ನೋಡಿ ಮಾವನ ಮುಖ ಅರಳಿತು. ಸ್ಪೀಕರನ್ನು ತೊಡೆಯ ಮೇಲಿಟ್ಟುಕೊಂಡು, ಬಾಗಿ, ಕಿವಿ ಅದಕ್ಕೇ ಒತ್ತಿ ಕೂತರು.

ಆಯಮ್ಮ ಎಲ್ಲವನ್ನೂ ಹೇಳಿದರು. ಸೂರ್ಯ ಅಂದರು, ನಕ್ಷತ್ರ ಅಂದರು, ಭೂಮಿಯ ಕಾಂತಶಕ್ತಿ ಅಂದರು. ಕಡೆಗೆ ನಕ್ಕು, ಇಷ್ಟೆಲ್ಲ ಹೇಳಿದರೂ ಆ ಮರಿಗೆ ಅದೇ ಕೆರೆಯ ದಾರಿ ಪೂರ್ತಿಯಾಗಿ ಹೇಗೆ ತಿಳಿಯುತ್ತದೆ ಎಂಬುದು ನನಗೆ ಗೊತ್ತಿಲ್ಲ, ಇನ್ನೂ ಯಾರಿಗೂ ಗೊತ್ತಿಲ್ಲ, ಅಂದರು.

ಮಾವ ತಲೆ ಎತ್ತಿದರು. ಒಂದಕ್ಷರವೂ ಕೇಳಿಸಿರಲಿಲ್ಲ. ಕಣ್ಣು ನೋಡಿದರೇ ತಿಳಿಯುತ್ತಿತ್ತು. "ಏನಂದ್ರಮ್ಮಾ?" ಅಂದರು.

ಕಿವಿಗೆ ಬಾಯಿ ಇಟ್ಟು ಅರಚಿದೆ. ತಲೆಯಾಡಿಸಿದರು, ಊಹೂಂ. ಬರೆದು ತೋರಿಸೋಣವೆಂದರೆ ಅವರಿಗೆ ಓದು ಇಲ್ಲ. ಕೈಸನ್ನೆಗೆ ಇಳಿದೆ. ಎಳೆ ಕಿತ್ತದ್ದಕ್ಕೆ ಸನ್ನೆ ಇತ್ತು, ಟೀಗೆ ಇತ್ತು, ಸಾಹುಕಾರನಿಗೂ ಇತ್ತು. ಲೋಕದಲ್ಲಿ ಯಾರಿಗೂ ಗೊತ್ತಿಲ್ಲದ ಸಂಗತಿಗೆ ನಮ್ಮ ಶೆಡ್ಡಿನಲ್ಲಿ ಸನ್ನೆ ಎಲ್ಲಿಂದ ಬರಬೇಕು? ಹಕ್ಕಿಯ ಹಾಗೆ ಕೈ ಬಡಿದೆ, ಆಕಾಶ ತೋರಿಸಿದೆ, ಕೊನೆಗೆ ಎರಡೂ ಕೈ ಚೆಲ್ಲಿದೆ. ಅವರು ನನ್ನನ್ನೇ ನೋಡುತ್ತಿದ್ದು, ಮೆಲ್ಲಗೆ ಸ್ಪೀಕರ್ ಕೆಳಗಿಟ್ಟರು. "ಹೋಗ್ಲಿ ಬಿಡಮ್ಮಾ. ಕೆಲ್ಸದ ಗಡಿಬಿಡೀಲಿ ನೀನೂ ಸರಿಯಾಗಿ ಕೇಳಿಸ್ಕೊಳ್ಳಿಲ್ಲ ಅನ್ಸುತ್ತೆ" ಅಂದು ಎದ್ದುಹೋದರು.

ಸಂಕ್ರಾಂತಿಗೆ ಮುಂಚೆಯೇ ಮಾವ ಹೋಗಿಬಿಟ್ಟರು, ಮಲಗಿದಲ್ಲೇ, ಯಾರಿಗೂ ಹೊರೆಯಾಗದೆ. ಕಿವಿ ನೆಟ್ಟಗಿದ್ದಾಗಲೇ ಫ್ಯೂಸ್ ಕೀಳಬೇಕಿತ್ತು ಅಂತ ಈಗಲೂ ಕೈ ಕೈ ಹಿಸುಕಿಕೊಳ್ಳುತ್ತೇನೆ. ನಾನು ಸರಿಯಾಗಿ ಕೇಳಿಸಿಕೊಳ್ಳಲಿಲ್ಲ ಅಂದುಕೊಂಡು ಹೋದರಲ್ಲ, ಅದಕ್ಕೆ ನನಗೆ ಅಷ್ಟು ದುಃಖವಿಲ್ಲ. ಬ್ಯಾಂಕಿನಲ್ಲಿ, ಆಸ್ಪತ್ರೆಯಲ್ಲಿ, ತಾಲ್ಲೂಕು ಆಫೀಸಿನಲ್ಲಿ ಯಾರು ಏನು ಕೇಳಿದರೂ, "ನಂಗೊತ್ತಿಲ್ಲ ಸ್ವಾಮಿ" ಅನ್ನುವಾಗ ಮಾವ ನೆಲ ನೋಡುತ್ತಿದ್ದರು. ಅಷ್ಟೊಂದು ಓದಿದ ಹೆಂಗಸು, ಸಾವಿರಾರು ಜನರ ಮುಂದೆ ತಲೆ ಎತ್ತಿ ನಿಂತು, ನಗುನಗುತ್ತಾ ಅದೇ ಮಾತನ್ನು ಹೇಳಿದ್ದು ಅವರ ಕಿವಿಗೆ ಬೀಳಬೇಕಿತ್ತು.